ಕೆರೆ ತೊಳೆದವರು

ಏಪ್ರಿಲ್ ೧೬, ಗುರುವಾರ

ದೊರೆಗೆ ಹೇಳುತ್ತಿದ್ದುದನ್ನೆಲ್ಲ ಇನ್ನು ಮೇಲೆ ಇಲ್ಲಿ ಬರೆಯಬೇಕು. ಬೇರೆ ಯಾರಿಗೆ ಹೇಳಲಿ? ದೊರೆ ಅಂದರೆ ನಮ್ಮ ನಾಯಿ. ಮರಿಯಾಗಿದ್ದಾಗಿನಿಂದಲೂ ಕರೆದಾಗ ಬಂದವನಲ್ಲ, ತನಗೆ ತೋಚಿದಾಗ ಬರುತ್ತಿದ್ದ, ಅದಕ್ಕೇ ಆ ಹೆಸರು. ಭಾನುವಾರ ಸತ್ತ.

ಆದದ್ದು ಇಷ್ಟು. ಬೆಳಿಗ್ಗೆ ಆ ಮನುಷ್ಯ ಎಂದಿನಂತೆ ಅವನನ್ನು ಕೆರೆಗೆ ಕರೆದುಕೊಂಡು ಹೋಯಿತು. ಆ ಮನುಷ್ಯ ಅಂದರೆ ನನ್ನ ಗಂಡ. ಹೊರಗಿನವರ ಮುಂದೆ ಏನೋ ಒಂದು ಮರ್ಯಾದೆ ಕೊಡುತ್ತೇನೆ, ಇಲ್ಲಿ ಯಾರು ನೋಡುತ್ತಾರೆ. ವಾಪಸ್ಸು ಬರುವಾಗ ಇಬ್ಬರೂ ಒದ್ದೆ. ಒಬ್ಬರದು ಪ್ಯಾಂಟು ಮೊಣಕಾಲಿನವರೆಗೆ, ಇನ್ನೊಬ್ಬನದು ಮೂಗಿನಿಂದ ಬಾಲದವರೆಗೆ. ದೊರೆಯ ಮೈಮೇಲೆ ಹಸಿರು ಪೇಂಟು ಚೆಲ್ಲಿದ ಹಾಗಿತ್ತು.

ನಾನು ಮುಂದಿನ ಕೋಣೆಯಲ್ಲಿ ಹೊಲಿಯುತ್ತಿದ್ದೆ. ಶಾಲೆಯ ವಾದ್ಯತಂಡದ ಬಿಳಿ ಅಂಗಿಗಳು ಮೇಜಿನ ಮೇಲೆ, ಕುರ್ಚಿಯ ಮೇಲೆ, ಬಾಗಿಲ ಚಿಲಕದ ಮೇಲೂ ತೂಗುತ್ತಿದ್ದವು. ಈ ಕೊಳಕು ಮೈ ಒಳಗೆ ಬರುವುದು ಬೇಡ, ಹಿತ್ತಲಲ್ಲೇ ಇರಲಿ, ಒಣಗಿದ ಮೇಲೆ ಬಿಡೋಣ ಎಂದು ಬಾಗಿಲು ಹಾಕಿದೆ. ಅವನು ಹಿತ್ತಲ ಮೆಟ್ಟಿಲ ಮೇಲೆ ಬಿಸಿಲಿಗೆ ಕೂತು ಮೈ ನೆಕ್ಕಿಕೊಳ್ಳುತ್ತಿದ್ದ. ಕಿಟಕಿಯಿಂದ ಕಾಣುತ್ತಿತ್ತು. ನಾಲ್ಕು ಕಾಲರ್ ಮುಗಿಸಿ ತಲೆ ಎತ್ತಿದಾಗ ಅವನಿಗೆ ಎದ್ದು ನಿಲ್ಲಲು ಆಗುತ್ತಿರಲಿಲ್ಲ. ಹಿಂಗಾಲು ನಡುಗುತ್ತಿದ್ದವು, ಬಾಯಲ್ಲಿ ನೊರೆ.

ನಾಯಿ ಡಾಕ್ಟರ ಹತ್ತಿರ ಹೋಗುವ ಹೊತ್ತಿಗೆ ನನ್ನ ತೊಡೆಯ ಮೇಲೇ ಎಲ್ಲ ಮುಗಿದಿತ್ತು. ಡಾಕ್ಟರು ಯಾವ ನೀರಿಗೆ ಇಳಿದಿತ್ತು ಎಂದು ಕೇಳಿದರು. ಕೆರೆ ಎಂದೆ. ಅವರು ತಲೆ ಅಲ್ಲಾಡಿಸಿ, ಆ ಮನುಷ್ಯನನ್ನು ಪಕ್ಕದ ಕೋಣೆಗೆ ಕರೆದು ಏನೇನೋ ಹೇಳಿದರು. ನಾನು ಬೆಂಚಿನ ಮೇಲೆ ದೊರೆಯ ಕಿವಿ ಹಿಡಿದುಕೊಂಡು ಕೂತಿದ್ದೆ. ಕಿವಿ ಇನ್ನೂ ಬಿಸಿಯಾಗಿತ್ತು.

ಬರುವಾಗ ದಾರಿಯಲ್ಲಿ ಒಂದೇ ಮಾತು ಕೇಳಿದೆ. "ನೀರು ಹಸಿರಾಗಿದ್ದು ಕಣ್ಣಿಗೆ ಕಾಣ್ಲಿಲ್ವಾ ನಿಮಗೆ?" ಬಟ್ಟೆ ಒಣಹಾಕುವ ತಂತಿಯ ಕೆಳಗೆ ಗುಂಡಿ ತೋಡಿ ಹೂತದ್ದು ಆ ಮನುಷ್ಯನೇ. ನಾನು ಒಳಗೆ ಇದ್ದೆ.

ಏಪ್ರಿಲ್ ೧೮, ಶನಿವಾರ

ಮನೆಯಲ್ಲಿ ಸದ್ದೇ ಇಲ್ಲ.

ನಾವಿಬ್ಬರು ಯಾವಾಗಿನಿಂದ ನೇರವಾಗಿ ಮಾತಾಡುವುದನ್ನು ಬಿಟ್ಟೆವೋ ನೆನಪಿಲ್ಲ. ಜಗಳವಾಡಿ ಬಿಟ್ಟದ್ದಲ್ಲ. ದೊರೆ ಬಂದ ಮೇಲೆ ಅದೊಂದು ಆಟವಾಗಿ ಶುರುವಾಯಿತು. "ದೊರೆ, ನಿಮ್ಮಮ್ಮಂಗೆ ಹೇಳು, ಟೀ ತಣ್ಣಗಾಯ್ತು." "ದೊರೆ, ನಿಮ್ಮಪ್ಪಂಗೆ ಹೇಳು, ಕೈ ಕಾಲು ಇದೆಯಲ್ಲ, ಬಿಸಿ ಮಾಡ್ಕೊಳ್ಳಲಿ." ಮಕ್ಕಳಿಲ್ಲದ ಮನೆ, ಒಂದು ತಮಾಷೆ ಅಷ್ಟೇ. ಆಮೇಲೆ ಬ್ಯಾಂಕಿನ ವಿಷಯ, ಮಾಡು ಸೋರುವ ವಿಷಯ, ನನ್ನ ಗರ್ಭಕೋಶದ ಆಪರೇಷನ್ ವಿಷಯ ಕೂಡ ಅವನ ಮೂಲಕವೇ ತೀರ್ಮಾನವಾಯಿತು. ಅವನು ನಡುವೆ ಮಲಗಿ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಕಿವಿ ತಿರುಗಿಸುತ್ತಿದ್ದ.

ಇವತ್ತು ಟೀ ಲೋಟವನ್ನು ಮೇಜಿನ ಮೇಲೆ ಕುಕ್ಕಿದೆ. ಆ ಮನುಷ್ಯ ತೆಗೆದುಕೊಂಡು ಹೋಯಿತು.

ಏಪ್ರಿಲ್ ೨೩, ಗುರುವಾರ

ತಂಗಿ ಫೋನ್ ಮಾಡಿದ್ದಳು. ಪಾಪ, ಸಮಾಧಾನ ಮಾಡಲು ಅವಳಿಗೆ ಗೊತ್ತಿರುವುದು ಒಂದೇ ದಾರಿ. ಅಕ್ಕಾ, ಇನ್ನೊಂದು ಮರಿ ತಗೋ ಎಂದಳು. ನಿನ್ನ ಗಂಡ ಸತ್ತರೆ ಇನ್ನೊಬ್ಬನನ್ನು ತಗೊಳ್ಳುತ್ತೀಯಾ ಎಂದು ಕೇಳಿದೆ. ಒಳ್ಳೆಯವನು ಸಿಕ್ಕರೆ ನೋಡುತ್ತೇನೆ ಎಂದಳು. ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. ಒಂದು ನಾಯಿಗೆ ಇಷ್ಟೊಂದು ಅಳುತ್ತಾರಾ ಎಂದು ಗಿರಾಕಿಗಳು ಮುಖ ನೋಡುತ್ತಾರೆ. ಅಳುತ್ತಾರೆ. ನಾನು ಅಳುತ್ತೇನೆ. ಪ್ಯಾಂಟಿನ ಅಂಚು ಹೊಲಿದು ಕೊಟ್ಟರೆ ಸಾಕಲ್ಲ ಅವರಿಗೆ.

ಕೊನೆಗೆ ತಂಗಿ ಒಂದು ಮಾತು ಹೇಳಿದಳು. ಅವಳ ಮನೆಯ ಕೆಳಗೆ ಒಂದು ಕೋಣೆ ಖಾಲಿ ಇದೆ. ಬೀದಿಗೆ ಮುಖ, ಒಳ್ಳೆಯ ಬೆಳಕು. ಮಶೀನು ತಂದು ಹಾಕಿಕೋ, ನಿನ್ನ ಕೈಗೆ ಕೆಲಸ ಎಲ್ಲಾದರೂ ಸಿಗುತ್ತದೆ ಎಂದಳು. ಬೇಡ ಎನ್ನಬೇಕಿತ್ತು. ಅನ್ನಲಿಲ್ಲ.

ನನಗೆ ಹೊಟ್ಟೆ ಉರಿಯುವುದು ಯಾಕೆಂದರೆ, ಆ ಕೆರೆಯನ್ನು ಆ ಮನುಷ್ಯನಷ್ಟು ತಿಳಿದವರು ಈ ಊರಲ್ಲಿ ಇಲ್ಲ. ಬಸ್ಸು ಓಡಿಸಿ ನಿವೃತ್ತಿಯಾದ ಮೇಲೆ ಸುಮ್ಮನೆ ಕೂರಲಾಗದೆ ಭಾನುವಾರದ ಗುಂಪು ಕಟ್ಟಿದ್ದೇ ಆ ಮನುಷ್ಯ. ಕ್ಷೌರದಂಗಡಿಯವನು, ಬೇಕರಿಯ ಅಣ್ಣತಮ್ಮಂದಿರು, ನಿವೃತ್ತ ಮಾಸ್ತರು, ಎಲ್ಲ ಸೇರಿ ಪ್ರತಿ ಭಾನುವಾರ ಕೆರೆಗೆ ಇಳಿದು ಕಳೆ ಕೀಳುತ್ತಿದ್ದರು. ಎದೆಮಟ್ಟದ ನೀರು, ಎಲ್ಲಿ ಬೇಕಾದರೂ ನಡೆಯಬಹುದು. ತಳದಿಂದ ಮೇಲಿನವರೆಗೆ ದಾರದ ಹಾಗೆ ಬೆಳೆದಿದ್ದ ನೀರುಗಿಡಗಳನ್ನು ಬೇರುಸಮೇತ ಎಳೆದು ದಡಕ್ಕೆ ಒಟ್ಟಿದರು. ಹಳೆಯ ಪರದೆ ಹರಿದು ಅವರಿಗೆ ಉದ್ದನೆಯ ಬಲೆಚೀಲ ಹೊಲಿದು ಕೊಟ್ಟವಳು ನಾನೇ. ಎರಡು ವರ್ಷದಲ್ಲಿ ಕೆರೆ ಕನ್ನಡಿಯಾಯಿತು. ಪತ್ರಿಕೆಯವರು ಬಂದು ಫೋಟೋ ತೆಗೆದರು. ಈ ಬೇಸಿಗೆ ಬರುವಷ್ಟರಲ್ಲಿ ಅದೇ ಕೆರೆ ಹಸಿರು ಗಂಜಿ. ಗಾಳಿ ಬೀಸಿದ ಕಡೆಯ ಮೂಲೆಯಲ್ಲಿ ಪಾಚಿ ಕೆನೆಗಟ್ಟಿ ಕೊಳೆತು ನಾರುತ್ತದೆ.

ಅಂಥ ನೀರಿಗೆ ಅವನನ್ನು ಬಿಟ್ಟಿತಲ್ಲ.

ಮೇ ೪, ಸೋಮವಾರ

ಇವತ್ತು ಪರೀಕ್ಷೆ ಹುಡುಗಿ ಬಂದಿದ್ದಳು. ಕೆರೆಯ ನೀರನ್ನು ಬಾಟಲಿಗೆ ತುಂಬಿಕೊಂಡು ಇಲಾಖೆಯ ಪ್ರಯೋಗಾಲಯಕ್ಕೆ ಒಯ್ಯುವವಳು ಇವಳು. ತೊಡೆಯವರೆಗೆ ಬರುವ ರಬ್ಬರ್ ಬೂಟಿನ ಪಟ್ಟಿ ಕಿತ್ತುಹೋಗಿತ್ತು, ಹೊಲಿಸಿಕೊಳ್ಳಲು ಬಂದಿದ್ದಳು. ದಪ್ಪ ಸೂಜಿ ಹಾಕಿ ಹೊಲಿಯುತ್ತಾ, ನಿಮ್ಮ ಇಲಾಖೆಯವರು ನಿದ್ದೆ ಮಾಡುತ್ತಿದ್ದರಾ, ನೀರು ವಿಷವಾಗಿದ್ದು ಮೊದಲೇ ಹೇಳಬಾರದಿತ್ತಾ ಎಂದು ಕೇಳಿಯೇಬಿಟ್ಟೆ. ಕೆರೆಯ ಆಚೆ ಗೇಟಿಗೆ, ದೊರೆ ಸಾಯುವ ಹಿಂದಿನ ದಿನವಷ್ಟೇ, ಎಚ್ಚರಿಕೆಯ ಒಂದು ಕಾಗದ ಅಂಟಿಸಿದ್ದರಂತೆ. ನಮ್ಮ ಕಡೆಯ ಈಚೆ ಗೇಟಿಗೆ ಅಂಟಿಸುವಷ್ಟರಲ್ಲಿ ಗೋಂದು ಮುಗಿದಿತ್ತಂತೆ. ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂದೆ. ಅವಳು ತಲೆ ತಗ್ಗಿಸಿ ಕ್ಷಮಿಸಿ ಎಂದಳು. ಆಮೇಲೆ ನನಗೇ ಒಂಥರಾ ಆಯಿತು. ಗೋಂದು ತರುವುದು ಅವಳ ಕೆಲಸವೇನಲ್ಲವಲ್ಲ.

ನೀರು ಯಾಕೆ ಹೀಗಾಯಿತು ಎಂದು ಕೇಳಿದೆ.

"ಗಿಡಗಳು ಹೋದ್ವಲ್ಲ ಅಮ್ಮಾ, ಅದಕ್ಕೆ," ಎಂದಳು. "ಆಳ ಇಲ್ಲದ ಕೆರೆಯಲ್ಲಿ ತಳದ ಕೆಸರನ್ನ ಹಿಡ್ಕೊಂಡಿರೋದೇ ಅವು. ಚರಂಡಿಯಿಂದ ಬರೋ ಗೊಬ್ಬರ, ಸೋಪಿನ ನೀರು, ಎಲ್ಲಾ ಅವೇ ತಿನ್ತಿದ್ವು. ಅವನ್ನ ಕಿತ್ತ ಮೇಲೆ ಆ ಊಟ ಪಾಚಿಗೆ ಸಿಕ್ತು."

ಅಂದರೆ ಕೆರೆ ಕೆಟ್ಟದ್ದು ಕ್ಲೀನ್ ಮಾಡಿದ್ದಕ್ಕೆ. ಚರಂಡಿಯೂ ಕಾರಣ, ಎಲ್ಲ ನಿಮ್ಮವರ ತಲೆಗೇ ಕಟ್ಟಬೇಡಿ ಎಂದು ಎರಡೆರಡು ಸಲ ಹೇಳಿದಳು. ಆದರೆ ಗಿಡ ಇದ್ದಿದ್ದರೆ ಇನ್ನೂ ಎಷ್ಟೋ ವರ್ಷ ತಡೆಯುತ್ತಿತ್ತಂತೆ. ಆ ಮನುಷ್ಯನಿಗೆ ಇದು ಗೊತ್ತಾ ಎಂದು ಕೇಳಿದೆ. ನಾಯಿ ಸತ್ತ ಮಾರನೆಯ ದಿನವೇ ಹುಡುಕಿಕೊಂಡು ಬಂದು ಕೇಳಿದರು, ಹೇಳಿದ್ದೇನೆ, ಈಗ ದಿನಾ ಬೆಳಿಗ್ಗೆ ಬಂದು ನನ್ನ ಜೊತೆ ನೀರಿಗೆ ಇಳಿಯುತ್ತಾರೆ ಎಂದಳು.

ಓಹೋ. ದಿನಾ ಬೆಳಿಗ್ಗೆ ಹೋಗುವುದು ಅಲ್ಲಿಗೆ. ನಾನೋ, ದಿನಾ ಕೆಸರು ಮೆತ್ತಿದ ಪ್ಯಾಂಟು ಒಗೆಯುತ್ತಿದ್ದೇನೆ, ಯಾಕೆ ಎಂದು ಕೇಳಿರಲಿಲ್ಲ. ಕೇಳುವುದಾದರೂ ಯಾರ ಮೂಲಕ?

ಪಟ್ಟಿಗೆ ದುಡ್ಡು ಬೇಡ ಎಂದೆ. ಬಿಟ್ಟಿ ಕೆಲಸ ಮಾಡಿದ್ದಕ್ಕೆ ಈಗ ಬೈದುಕೊಳ್ಳುತ್ತಿದ್ದೇನೆ.

ಮೇ ೫, ಮಂಗಳವಾರ

ಇಬ್ಬರೂ ಊಟ ಮಾಡಲಿಲ್ಲ. ಅವರವರ ತಟ್ಟೆ ಅವರವರು ತೊಳೆದಿಟ್ಟೆವು.

ಮೇ ೧೭, ಭಾನುವಾರ

ಕೆರೆಯ ಪಕ್ಕದ ಸಭಾಂಗಣದಲ್ಲಿ ಸಭೆ ಇತ್ತು. ನಾನು ಹೋಗುವವಳಲ್ಲ. ಮಾಸ್ತರ ಹೆಂಡತಿಗೆ ರವಿಕೆ ಕೊಡಬೇಕಿತ್ತು, ಅವರು ಅಲ್ಲಿದ್ದರು, ಹೋದೆ. ಹಿಂದಿನ ಸಾಲಿನಲ್ಲಿ ಖಾಲಿ ಕುರ್ಚಿ ಇತ್ತು, ಕೂತೆ.

ಕಿಟಕಿ ತೆರೆದರೆ ನಾತ, ಮುಚ್ಚಿದರೆ ಸೆಕೆ. ಪರೀಕ್ಷೆ ಹುಡುಗಿ ಮೊದಲು ಮಾತಾಡಿದಳು, ನನಗೆ ಹೇಳಿದ್ದನ್ನೇ ಎಲ್ಲರಿಗೂ ಹೇಳಿದಳು. ಅವಳು ಮುಗಿಸುವ ಮುಂಚೆಯೇ ಕ್ಷೌರದಂಗಡಿಯವನು ಎದ್ದು ಶುರುಮಾಡಿದ. ನಾನು ಆಗಲೇ ಅಂದುಕೊಂಡಿದ್ದೆ, ಪ್ರಕೃತಿಯ ಮೇಲೆ ಕೈ ಹಾಕಬಾರದು, ಆದರೆ ನಮ್ಮ ಬಸ್ಸಿನವರ ಮಾತಿಗೆ ಎದುರಾಡುವವರು ಯಾರು ಎಂದು ದೊಡ್ಡ ಭಾಷಣ. ಬೇಕರಿಯವರು ಹೌದು ಹೌದು ಎಂದರು. ಎಲ್ಲರ ಕತ್ತೂ ಮುಂದಿನ ಸಾಲಿಗೆ ತಿರುಗಿತು.

ಆ ಮನುಷ್ಯ ಎದ್ದು ನಿಂತಿತು. ಕುರ್ಚಿಯ ಬೆನ್ನು ಹಿಡಿದುಕೊಂಡು, "ಹೌದು, ನಾನೇ ಕೀಳ್ಸಿದ್ದು. ನನಗೆ ಗೊತ್ತಿರ್ಲಿಲ್ಲ," ಎಂದಿತು. ಅಷ್ಟೇ. ಚರಂಡಿಯ ಮಾತು ಎತ್ತಲಿಲ್ಲ, ಗೋಂದಿನ ಮಾತು ಎತ್ತಲಿಲ್ಲ. ಆ ಕೊರಳು ಇಷ್ಟು ಸಣ್ಣಗಾದದ್ದು ಯಾವಾಗಲೋ. ಅಂಗಿಯ ಕಾಲರು ಒಳಗೆ ಇನ್ನೊಂದು ಕೊರಳು ಹಿಡಿಸುವಷ್ಟು ಸಡಿಲವಾಗಿತ್ತು.

ನನಗೆ ಖುಷಿಯಾಗಬೇಕಿತ್ತು. ಇಷ್ಟು ದಿನ ನಾನು ಮನಸ್ಸಿನಲ್ಲಿ ಬೈದದ್ದನ್ನೇ ಊರು ಬಾಯಿಬಿಟ್ಟು ಬೈಯುತ್ತಿತ್ತು. ಆದರೆ ಆ ಕ್ಷೌರದಂಗಡಿಯವನ ಸೋಗು ನೋಡಿ ಮೈಯೆಲ್ಲ ಉರಿಯಿತು. ಪತ್ರಿಕೆಯ ಫೋಟೋದಲ್ಲಿ ಎಲ್ಲರಿಗಿಂತ ಮುಂದೆ, ಹೆಗಲ ಮೇಲೆ ಕಳೆಯ ಕಂತೆ ಹೊತ್ತು ಹಲ್ಲು ಕಿಸಿದವರು ಯಾರು ಎಂದು ಕೂತಲ್ಲಿಂದಲೇ ಕೇಳಿದೆ. ಆ ಫೋಟೋ ಇನ್ನೂ ನಿಮ್ಮ ಕನ್ನಡಿಯ ಪಕ್ಕದಲ್ಲೇ ತೂಗುತ್ತಿದೆಯಲ್ಲ, ನಿನ್ನೆಯೂ ನೋಡಿದೆ ಎಂದೆ. ಸಭೆ ನಕ್ಕಿತು. ಅವನು ಕೂತ. ಆ ಮನುಷ್ಯ ಹಿಂತಿರುಗಿ ನನ್ನನ್ನು ನೋಡಿತು, ನಾನು ರವಿಕೆಯ ಗುಂಡಿ ನೋಡುತ್ತಿದ್ದೆ.

ಇದು ಬರೆದಿಡಬೇಕು: ನಾನು ಯಾರ ಪರವಾಗಿಯೂ ಮಾತಾಡಿದ್ದಲ್ಲ. ಸುಳ್ಳು ಹೇಳುವವರನ್ನು ಕಂಡರೆ ನನಗೆ ಆಗುವುದಿಲ್ಲ, ಅಷ್ಟೇ.

ಮನೆಗೆ ಬಂದು ತಂಗಿಗೆ ಫೋನ್ ಮಾಡಿ ಬರುತ್ತೇನೆ ಎಂದೆ. ಜೂನ್ ಕೊನೆಗೆ.

ಜೂನ್ ೬, ಶನಿವಾರ

ಹೇಳಿದೆ. ಎಷ್ಟು ದಿನ ಮುಂದೂಡುವುದು. ಬಾಗಿಲಲ್ಲಿ ನಿಂತು, ಗೋಡೆ ನೋಡಿಕೊಂಡು, "ತಿಂಗಳ ಕೊನೆಗೆ ತಂಗಿ ಮನೆಗೆ ಹೋಗ್ತಿದ್ದೀನಿ. ಅಲ್ಲೇ ಇರ್ತೀನಿ," ಎಂದೆ. ಯಾರನ್ನೂ ನಡುವೆ ಇಟ್ಟುಕೊಳ್ಳದೆ ಹೇಳುವಾಗ ನಾಲಿಗೆ ತೊಡರಿತು.

ಬೂಟಿನ ಕೆಸರು ಕೆರೆಯುತ್ತಿದ್ದ ಕೈ ನಿಂತಿತು.

"ಮಶೀನು?"

"ಅದೂ."

ಮತ್ತೆ ಕೆಸರು ಕೆರೆಯತೊಡಗಿತು. ಯಾಕೆ ಎಂದು ಕೇಳಲಿಲ್ಲ. ಹೋಗಬೇಡ ಎನ್ನಲಿಲ್ಲ. ಮೂವತ್ತು ವರ್ಷ ಪ್ರಯಾಣಿಕರನ್ನು ಇಳಿಸಿ ಇಳಿಸಿ ಅಭ್ಯಾಸ, ಇಳಿಯುತ್ತೇನೆ ಎಂದವರಿಗೆ ಬ್ರೇಕು ಹಾಕುತ್ತಾರೆ.

ಜೂನ್ ೭, ಭಾನುವಾರ

ಪೇಟೆಗೆ ಹೋಗಿ ಬರುವಷ್ಟರಲ್ಲಿ ನನ್ನ ಮಶೀನು ನೆಲದ ಮೇಲೆ, ಹಳೆಯ ಚಾದರದ ಮೇಲೆ, ಬಿಡಿ ಬಿಡಿಯಾಗಿ ಬಿದ್ದಿತ್ತು. ಸಾಮಾನಿನ ಚೀಲ ಬಾಗಿಲಲ್ಲೇ ಬಿಟ್ಟು ಓಡಿದೆ. ನೋಡಿದರೆ ಇವರು ಒಂದೊಂದು ಹಲ್ಲಿನ ಸಂದಿಯಿಂದಲೂ ದಾರದ ಜುಂಗು ತೆಗೆದು, ಎಣ್ಣೆ ಬಿಟ್ಟು, ಪೆಡಲಿನ ಸಡಿಲ ತಿರುಪು ಬಿಗಿಮಾಡುತ್ತಿದ್ದರು. ದಾರಿಯಲ್ಲಿ ಅಲ್ಲಾಡಿದರೆ ಹಾಳಾಗುತ್ತದೆ ಎಂದು ಚಕ್ರಕ್ಕೆ ಬಟ್ಟೆ ಸುತ್ತಿ ಕಟ್ಟಲು ಹಗ್ಗವನ್ನೂ ತಂದಿಟ್ಟಿದ್ದರು. ಆ ಪೆಡಲು ಸರಿಮಾಡಿ ಎಂದು ನಾನು ಎಷ್ಟು ವರ್ಷದಿಂದ ದೊರೆಯ ಕೈಲಿ ಹೇಳಿಸಿದ್ದೆ.

ಈಗ ಬೆಣ್ಣೆಯ ಹಾಗೆ ಓಡುತ್ತದೆ. ಓಡಿಸಿ ನೋಡಿದೆ, ಅಳು ಬಂತು.

ಜೂನ್ ೧೫, ಸೋಮವಾರ

ಇವರು, ಪರೀಕ್ಷೆ ಹುಡುಗಿ, ಇನ್ನಿಬ್ಬರು ಸೇರಿ ಬೇರೆ ಕೆರೆಯಿಂದ ಗಿಡ ತಂದು ನೆಟ್ಟಿದ್ದರಂತೆ. ಕಿತ್ತದ್ದನ್ನೇ ದುಡ್ಡು ಕೊಟ್ಟು ತರಿಸಿ ನೆಡುವುದು, ಇದಕ್ಕಿಂತ ಚಂದ ಬೇಕಾ. ಮಾರನೆಯ ದಿನವೇ ಎಲ್ಲ ತೇಲುತ್ತಿದ್ದವಂತೆ. ತಳದ ಕೆಸರು ಕೆದಕುವ ದೊಡ್ಡ ಮೀನುಗಳು ಬೇರು ಊರಲು ಬಿಡುವುದಿಲ್ಲ. ಉಳಿದವಕ್ಕೆ ಬೆಳಕು ಸಿಗುವುದಿಲ್ಲ. ಹುಡುಗಿ ಕಪ್ಪುಬಿಳಿ ತಟ್ಟೆಯೊಂದನ್ನು ಹಗ್ಗದಲ್ಲಿ ಕಟ್ಟಿ ನೀರಿಗೆ ಇಳಿಸಿ, ಎಷ್ಟು ಆಳದವರೆಗೆ ಕಾಣುತ್ತದೆ ಎಂದು ನೋಡುತ್ತಾಳೆ. ಒಂದು ಗೇಣು ಇಳಿದರೆ ಮಾಯವಂತೆ.

ಎಷ್ಟು ದಿನಕ್ಕೆ ಸರಿಹೋಗುತ್ತದೆ ಎಂದು ಕೇಳಿದ್ದಕ್ಕೆ, ಕೆಡಿಸುವುದು ಬೇಗ ಅಮ್ಮಾ, ವಾಪಸ್ಸು ಬರುವುದು ನಮ್ಮ ಕೈಲಿ ಇಲ್ಲ ಎಂದಳು. ಅವಳಿಗೆ ಗೋಣಿಬಟ್ಟೆಯ ಸಣ್ಣ ಸಣ್ಣ ಚೀಲ ಬೇಕಿತ್ತು. ಅದರಲ್ಲಿ ಮಣ್ಣು ತುಂಬಿ, ಗಿಡ ನೆಟ್ಟು, ಚೀಲದ ಸಮೇತ ಇಳಿಸಿ, ಸುತ್ತ ಬೇಲಿ ಹಾಕಿದರೆ ನಿಂತಾವು ಎಂದು ಒಂದು ಆಸೆ. ಹೊಲಿಯುತ್ತೇನೆ ಎಂದೆ. ಹೋಗುವುದರೊಳಗೆ ಮುಗಿಸಬೇಕು.

ಗೋಣಿಬಟ್ಟೆಯ ಧೂಳಿಗೆ ಇವರಿಗೆ ಕೆಮ್ಮು. ಆದರೂ ಎದುರು ಕೂತು ಕತ್ತರಿಸಿ ಕತ್ತರಿಸಿ ಕೊಟ್ಟರು.

ಜೂನ್ ೨೩, ಮಂಗಳವಾರ

ಅಕ್ಷರ ಸೊಟ್ಟಗೆ ಬರುತ್ತಿದೆ.

ಮಧ್ಯಾಹ್ನ ಹುಡುಗಿ ಚೀಲ ಒಯ್ಯಲು ಬಂದಳು. ಇವರು ಮನೆಯಲ್ಲಿ ಇರಲಿಲ್ಲ. ಒಳ್ಳೆಯ ಸುದ್ದಿ ಎಂದುಕೊಂಡೇ ಹೇಳಿದಳು, ಪಾಪ. ಆಚೆ ಗೇಟಿನ ಹತ್ತಿರ ಇನ್ನೊಂದು ನಾಯಿ ನೀರಿಗೆ ಬಿದ್ದಿತ್ತಂತೆ, ದೊರೆಯ ಹಾಗೆಯೇ ಮೈತುಂಬ ಪಾಚಿ. ಅದರ ಯಜಮಾನ ಕೂಡಲೇ ಎತ್ತಿಕೊಂಡು ಹೋಗಿ ಪೆಟ್ರೋಲ್ ಬಂಕಿನ ನಲ್ಲಿಯ ಕೆಳಗೆ ತೊಳೆದನಂತೆ. ನಾಯಿ ಚೆನ್ನಾಗಿದೆ. ಈಜುವಾಗ ಒಂದೆರಡು ಗುಟುಕು ಹೋಗುತ್ತದೆ, ಆದರೆ ಹೆಚ್ಚು ವಿಷ ಹೋಗುವುದು ಆಮೇಲೆ, ಒಣಗುತ್ತಾ ಕೂದಲು ನೆಕ್ಕಿಕೊಳ್ಳುವಾಗ ಎಂದಳು. ತಕ್ಷಣ ತೊಳೆದುಬಿಟ್ಟರೆ ಎಷ್ಟೋ ನಾಯಿಗಳು ಉಳಿಯುತ್ತವೆ, ನಿಮ್ಮವರಿಗೆ ಡಾಕ್ಟರೂ ಅವತ್ತೇ ಹೇಳಿದ್ದರಂತಲ್ಲ ಎಂದಳು.

ಹೌದು ಎಂದೆ. ಏನೂ ಆಗದವಳ ಹಾಗೆ ಚೀಲಗಳನ್ನು ಕಟ್ಟಿ ಕೊಟ್ಟೆ.

ಒಣಗಿದ ಮೇಲೆ ಬಿಡೋಣ ಎಂದವಳು ನಾನು. ಬಾಗಿಲು ಹಾಕಿದವಳು ನಾನು. ಹಿತ್ತಲಲ್ಲಿ ನಲ್ಲಿ ಇದೆ, ಬಕೆಟ್ ಇದೆ. ಅವನು ನೆಕ್ಕಿಕೊಳ್ಳುವುದನ್ನು ಕಿಟಕಿಯಿಂದ ನೋಡುತ್ತಾ ಕಾಲರ್ ಹೊಲಿದೆ. ಒಮ್ಮೆ ಅವನು ತಲೆ ಎತ್ತಿ ನನ್ನನ್ನು ನೋಡಿದ್ದ.

ದೊರೆ, ನನ್ನಪ್ಪಾ.

ಜೂನ್ ೨೪, ಬುಧವಾರ

ಬೆಳಿಗ್ಗೆ ಇವರು ಬೂಟು ಹಾಕಿಕೊಳ್ಳುತ್ತಿದ್ದಾಗ ಎದುರು ಹೋಗಿ ನಿಂತೆ.

"ನೆಕ್ಕಿಕೊಂಡಿದ್ದಕ್ಕೆ ಸತ್ತ ಅಂತ ನಿಮಗೆ ಗೊತ್ತಿತ್ತಾ?"

ಇವರು ಬೂಟಿನೊಳಗೆ ಅರ್ಧ ಕಾಲು ಇಟ್ಟುಕೊಂಡು ಹಾಗೇ ಕೂತರು. ಯಾರು ಹೇಳಿದರು ಎಂದರು. ಯಾರು ಹೇಳಿದರೆ ಏನು, ಗೊತ್ತಿತ್ತಾ ಇಲ್ಲವಾ ಎಂದೆ.

"ಗೊತ್ತಿತ್ತು."

"ನಾನು ನಿಮ್ಮನ್ನ ಇಷ್ಟು ದಿನ ತಿಂದು ಹಾಕಿದ್ನಲ್ಲ, ಒಂದು ಸಲ ಆದ್ರೂ ಹೇಳಬಾರದಿತ್ತಾ? ನೀನೇ ಬಾಗಿಲು ಹಾಕಿದ್ದು ಅಂತ?"

"ನೀರಿಗೆ ಬಿಟ್ಟೋನು ನಾನೇ ಅಲ್ವಾ," ಎಂದರು. "ನನ್ನ ಕೆರೆ, ನಾನು ತೊಳೆದಿದ್ದು, ಏನಾಗುತ್ತೆ ಅನ್ಕೊಂಡೆ. ನಿಂಗೆ ಹೇಳಿದ್ರೆ ಏನು ಬಂತು? ಒಬ್ರು ಹೊತ್ಕೊಂಡ್ರೆ ಸಾಕಾಗಿತ್ತು."

ಅಳು ಬರಬೇಕಾದ ಜಾಗದಲ್ಲಿ ಸಿಟ್ಟು ಬಂತು. ಎಂಥ ಸಿಟ್ಟು ಅಂದರೆ, ಮದುವೆಯಾದ ಮೇಲೆ ಇಷ್ಟು ಜೋರಾಗಿ ನಾನು ಕೂಗಿದ್ದೇ ಇಲ್ಲ. ಪಕ್ಕದ ಮನೆಯ ಕಿಟಕಿ ತೆರೆದುಕೊಂಡಿತು, ತೆರೆದುಕೊಳ್ಳಲಿ. ಅವನು ನನ್ನ ನಾಯಿಯೂ ಹೌದು, ನನ್ನ ಪಾಲಿನದನ್ನು ಎತ್ತಿಟ್ಟುಕೊಳ್ಳಲು ನೀವು ಯಾರು ಎಂದೆ. ನಾನು ಮೂರ್ಖಳ ಹಾಗೆ ನಿಮ್ಮನ್ನು ದ್ವೇಷಿಸಿಕೊಂಡು, ತಟ್ಟೆ ಕುಕ್ಕಿಕೊಂಡು, ಊರು ಬಿಡಲು ಹೊರಟೆ. ನೀವು ಮಶೀನಿಗೆ ಎಣ್ಣೆ ಹಾಕಿ ಕೊಟ್ಟಿರಿ. ಬೈಯಬೇಕಿತ್ತು ನೀವು, ನನಗೂ ಬೈಯಬೇಕಿತ್ತು, ಇಬ್ಬರೂ ಬೈದಾಡಿಕೊಂಡಿದ್ದರೆ ಒಟ್ಟಿಗೆ ಅಳಬಹುದಿತ್ತು ಎಂದೆ.

ಇವರ ಮುಖ ನೋಡಿದೆ. ಅವತ್ತಿನಿಂದ ಸರಿಯಾಗಿ ನೋಡಿಯೇ ಇರಲಿಲ್ಲ. ಕಣ್ಣ ಕೆಳಗೆ ಚೀಲ, ಗಡ್ಡ ಅರ್ಧಂಬರ್ಧ.

"ನಂಗೆ ಬೈಯೋಕೆ ಬರಲ್ಲ," ಎಂದರು. "ಅವನ ಕೈಲೇ ಹೇಳಿಸ್ತಿದ್ದೆ ಎಲ್ಲಾ. ಅವನಿಲ್ಲದೆ ನಿನ್ನ ಹತ್ರ ಹೆಂಗೆ ಮಾತಾಡ್ಬೇಕೋ ಗೊತ್ತಾಗ್ಲಿಲ್ಲ."

ಆಮೇಲೆ ಅತ್ತರು. ಒಂದು ಕಾಲಲ್ಲಿ ಬೂಟು, ಒಂದು ಕಾಲು ಬರಿದು. ನಾನು ಪಕ್ಕದಲ್ಲಿ ನೆಲದ ಮೇಲೆ ಕೂತೆ. ಟೀ ಯಾರೂ ಮಾಡಲಿಲ್ಲ.

ಜೂನ್ ೨೯, ಸೋಮವಾರ

ತಂಗಿ ಯಾವ ದಿನ ಗಾಡಿ ಕಳಿಸಲಿ ಎಂದು ಕೇಳಿದಳು. ಗೋಣಿಚೀಲ ಇನ್ನೂ ನೂರು ಬೇಕಂತೆ, ಮುಗಿಯಲಿ ಎಂದೆ. ಅದು ಯಾವಾಗ ಮುಗಿಯುತ್ತದೆ ಎಂದಳು. ಕೆರೆ ದೊಡ್ಡದು ಎಂದೆ.

ಈಚೆ ಗೇಟಿಗೆ ಬೋರ್ಡು ಹಾಕಿದ್ದಾರೆ. ನೀರಿಗೆ ಇಳಿಯಬೇಡಿ ಎಂದಷ್ಟೇ ಇತ್ತು. ಹುಡುಗಿಯ ತಲೆ ತಿಂದು, ಅವಳು ತನ್ನ ಮೇಲಿನವರ ತಲೆ ತಿಂದು, ಕೆಳಗೆ ಇನ್ನೊಂದು ಸಾಲು ಬರೆಸಿದೆವು: ನಾಯಿ ಇಳಿದರೆ, ಅದು ಮೈ ನೆಕ್ಕುವ ಮೊದಲು ಶುದ್ಧ ನೀರಿನಲ್ಲಿ ತೊಳೆದು ಡಾಕ್ಟರಿಗೆ ತೋರಿಸಿ. ತೊಳೆಯಿರಿ ಎಂದರೆ ಎಲ್ಲಿ ತೊಳೆಯಬೇಕು? ಅಲ್ಲಿ ನಲ್ಲಿಯೇ ಇಲ್ಲ. ಇಲಾಖೆಯವರು ನಲ್ಲಿ ಹಾಕಿಸುವಷ್ಟರಲ್ಲಿ ಬೇಸಿಗೆ ಮುಗಿದಿರುತ್ತದೆ. ಇವರು ನಮ್ಮ ಹಿತ್ತಲಿನ ಎರಡು ಬಕೆಟ್ ತುಂಬಿ, ತಳ್ಳುಗಾಡಿಯಲ್ಲಿ ಒಯ್ದು ಬೋರ್ಡಿನ ಪಕ್ಕ ಇಟ್ಟರು. ನೀರು ಚೆಲ್ಲದ ಹಾಗೆ ನಾನು ಮೇಲಿನಿಂದ ಕಟ್ಟುವ ಬಟ್ಟೆ ಹೊಲಿದೆ.

ಗಿಡಗಳಲ್ಲಿ ಹೆಚ್ಚಿನವು ಮತ್ತೆ ಸತ್ತಿವೆ.

ಜುಲೈ ೧೨, ಭಾನುವಾರ

ಸಂಜೆ ನಾನೂ ಹೋಗಿದ್ದೆ. ಕೆರೆ ಹಾಗೇ ಇದೆ. ದಡದ ಕಲ್ಲಿಗೆಲ್ಲ ಹಸಿರು ಮೆತ್ತಿ ಒಣಗಿದೆ, ಮೂಗು ಮುಚ್ಚಿಕೊಳ್ಳದೆ ಇರಲು ಆಗುವುದಿಲ್ಲ. ಬೇಲಿಯೊಳಗೆ ಐದಾರು ಗಿಡ ಜೀವ ಹಿಡಿದಿವೆ ಎಂದು ಇವರು ತೋರಿಸಿದರು. ನನಗೇನೂ ಕಾಣಲಿಲ್ಲ. ಕಂಡಿತು ಎಂದೆ.

ಭಾನುವಾರದ ಗುಂಪಿನವರು ಯಾರೂ ಈ ಕಡೆ ಬರುವುದಿಲ್ಲ. ಇಬ್ಬರೂ ಬಕೆಟಿನ ಪಕ್ಕ ಕೂತಿದ್ದೆವು. ಆಗ ಒಬ್ಬ ಹೆಂಗಸು ಕಂದು ಬಣ್ಣದ ದೊಡ್ಡ ನಾಯಿಯೊಂದನ್ನು ಕರೆದುಕೊಂಡು ಬಂದಳು, ಬೋರ್ಡು ಓದಲು ನಿಂತಳು, ಓದುವುದರೊಳಗೇ ಅದು ಹಗ್ಗ ಕಿತ್ತುಕೊಂಡು ಬಾತುಕೋಳಿಯ ಹಿಂದೆ ನೀರಿಗೆ ಹಾರಿತು. ಅವಳು ಕಿರುಚತೊಡಗಿದಳು. ಇವರು ಬೂಟಿಲ್ಲದೆಯೇ ಇಳಿದು ಕುತ್ತಿಗೆಪಟ್ಟಿ ಹಿಡಿದು ಎಳೆದು ತಂದರು. ಎಂಥ ಭಾರ, ಎಂಥ ಒದ್ದಾಟ.

"ಬಾಯಿ ಹಿಡ್ಕೊಳ್ರೀ, ನೆಕ್ಕೋಕೆ ಬಿಡಬೇಡಿ."

"ಹಿಡ್ಕೊಂಡಿದ್ದೀನಿ. ನೀನು ಹೊಟ್ಟೆ ಕೆಳಗೆ ಹುಯ್ಯಿ."

"ಕಾಲೆತ್ತಿ. ಆ ಕಾಲಲ್ಲ, ಹಿಂದಿಂದು."

"ನಿಧಾನ, ಕಣ್ಣಿಗೆ ಹೋಗುತ್ತೆ."

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಹಾಗೆ ನಾವಿಬ್ಬರೂ ನಾಯಿಯನ್ನು ಆಚೆ ಈಚೆ ಎಳೆದಾಡಿದೆವು. ಕೂದಲ ಬುಡದವರೆಗೆ ಬೆರಳು ಹಾಕಿ ಉಜ್ಜಿದೆ. ಹಸಿರು ಇಳಿದು ಇಳಿದು ಕೊನೆಗೆ ನೀರು ತಿಳಿಯಾಗಿ ಬರತೊಡಗಿತು. ಒದ್ದೆ ಕೂದಲ ಕೆಳಗೆ ಅದರ ಎದೆ ಡಬಡಬ ಹೊಡೆದುಕೊಳ್ಳುತ್ತಿತ್ತು, ನನ್ನ ಅಂಗೈಗೆ ತಾಗುತ್ತಿತ್ತು. ನಾನು ಕೈ ತೆಗೆಯಲಿಲ್ಲ. ಹೊದ್ದುಕೊಂಡಿದ್ದ ಶಾಲು ತೆಗೆದು ಅದಕ್ಕೆ ಸುತ್ತಿದೆ, ಮನೆ ಮುಟ್ಟುವವರೆಗೆ ಬಿಚ್ಚಬೇಡಿ, ದಾರಿಯಲ್ಲೇ ಡಾಕ್ಟರಿಗೆ ತೋರಿಸಿ ಎಂದೆ. ಶಾಲು ವಾಪಸ್ಸು ಬೇಡ ಎಂದೆ.

ಆ ಹೆಂಗಸು ಕಣ್ಣೊರೆಸಿಕೊಳ್ಳುತ್ತಾ ಎಷ್ಟು ಚೆನ್ನಾಗಿ ತೊಳೆದಿರಿ, ನಿಮ್ಮ ಮನೆಯಲ್ಲೂ ನಾಯಿ ಇದೆಯಾ ಎಂದು ಕೇಳಿದಳು.

"ಇತ್ತು," ಎಂದರು ಇವರು. "ನಾನು ಈ ನೀರಿಗೆ..."

"ಇತ್ತು," ಎಂದೆ ನಾನು. "ಇದೇ ನೀರಿಗೆ ಇಳಿದಿದ್ದ. ಅವತ್ತು ನಾವು ತೊಳೀಲಿಲ್ಲ."

ಅವಳು ಹೋದಳು. ಬಕೆಟ್ ಎರಡೂ ಖಾಲಿಯಾಗಿದ್ದವು. ಕತ್ತಲಾಗುವ ಮುಂಚೆ ತುಂಬಿಕೊಂಡು ಬರೋಣ ಎಂದೆ. ಇವರು ಒಂದನ್ನು ಎತ್ತಿಕೊಂಡರು, ನಾನು ಒಂದನ್ನು.